ಬಡಕಲು ಕತೆಗೆ ಬರಿಮೈಯ ಪೋಸ್ಟರ್

ಗಾಂಧಿನಗರದ ಹಂಚಿಕೆದಾರರ ಲೆಕ್ಕದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಿಗೆ ಸ್ವಂತ ಮುಖವಿಲ್ಲ. ಮೈಸೂರು, ಮಂಡ್ಯ, ಹಾಸನ ಸುತ್ತಿನ ಜಿಲ್ಲೆಗಳನ್ನು ಒಟ್ಟುಗೂಡಿಸಿ ‘ಎಂಎಂಸಿಎಚ್’ ಎಂದು ಕರೆಯುವ ವಲಯದೊಳಗೆ ಅವು ಬರೀ ‘ಬಿ’ ಅಥವಾ ‘ಸಿ’ ಸೆಂಟರ್‌ಗಳು. ಈ ಸೆಂಟರ್‌ಗಳ ಪ್ರೇಕ್ಷಕನ ಬಗ್ಗೆ ಚಿತ್ರೋದ್ಯಮದಲ್ಲಿ ಹಳೆಯದೊಂದು ನಂಬಿಕೆ ಇದೆ: ಅವನಿಗೆ ಹೊಡೆದಾಟ ಬೇಕು, ಅದಕ್ಕೆ ದುಡ್ಡು ಸಾಲದಿದ್ದರೆ ಹೆಣ್ಣಿನ ಮೈ ತೋರಿಸಿದರೂ ನಡೆಯುತ್ತದೆ. ಒಂದು ತೋಟದ ಮನೆ, ನಾಲ್ಕು ಪಾತ್ರ, ಒಂದು ಕೊಲೆ, ಎರಡು ಹಾಸಿಗೆಯ ದೃಶ್ಯ. ಕಾಮ ಬೆರೆಸಿದ ಥ್ರಿಲ್ಲರ್ ಎಂಬ ಅಗ್ಗದ ಸರಕು ತಯಾರಾಗುವುದು ಈ ನಂಬಿಕೆಯಿಂದಲೇ. ಅಂಥ ಚಿತ್ರ ಬಿದ್ದಾಗ ಜನರಿಗೆ ರುಚಿಯಿಲ್ಲ ಎನ್ನುತ್ತಾರೆ, ಎದ್ದಾಗ ಜನ ಕೇಳುವುದೇ ಇದನ್ನು ಎನ್ನುತ್ತಾರೆ. ಎರಡು ಸಲವೂ ಜನ ಏನೆಂದರು ಎಂದು ಕಿವಿಗೊಟ್ಟವರು ಕಡಿಮೆ. ಕಿವಿಗೊಟ್ಟರೆ ಬೇರೆಯೇ ಮಾತು ಕೇಳುತ್ತದೆ. ಈ ಜಾತಿಯ ಚಿತ್ರಗಳ ಬಗ್ಗೆ ಇಂಥ ಪೇಟೆಗಳ ಪ್ರೇಕ್ಷಕರು ಕೊಡುವ ತೀರ್ಪು ಪತ್ರಿಕೆಗಳ ನಕ್ಷತ್ರ ಎಣಿಕೆಗಿಂತ ಹೆಚ್ಚು ನಿಖರವಾದದ್ದು ಎಂಬುದು ಈ ಲೇಖನದ ವಾದ. ಒಂದೇ ಒಂದು ವಿಷಯದಲ್ಲಿ ಮಾತ್ರ ಆ ತೀರ್ಪು ತಪ್ಪುತ್ತದೆ, ಆ ತಪ್ಪು ಸಣ್ಣದಲ್ಲ.

ಆಟ ಬಿಟ್ಟ ಮೇಲೆ ಚಿತ್ರಮಂದಿರದ ಎದುರಿನ ಟೀ ಅಂಗಡಿಯಲ್ಲಿ ನಡೆಯುವ ವಿಮರ್ಶೆಗೆ ದೊಡ್ಡ ಶಬ್ದಕೋಶ ಬೇಕಿಲ್ಲ. ‘ಕತೆ ಇಲ್ಲ ಬುಡಣ್ಣ’ ಎನ್ನುವುದು ಒಂದು. ‘ಪೋಸ್ಟರಲ್ಲಿ ಇದ್ದದ್ದು ಪಿಚ್ಚರಲ್ಲಿ ಇಲ್ಲ’ ಎನ್ನುವುದು ಇನ್ನೊಂದು. ‘ಮನೆಯವ್ರನ್ನ ಕರ್ಕೊಂಡೋಗೋ ಪಿಚ್ಚರಲ್ಲ’ ಎನ್ನುವುದು ಮೂರನೆಯದು, ಅದು ತೀರ್ಪಿಗಿಂತ ಹೆಚ್ಚಾಗಿ ಎಚ್ಚರಿಕೆ. ಅಶ್ಲೀಲ, ಅಸಭ್ಯ ಎಂಬ ಮಾತುಗಳು ಇಲ್ಲಿ ಹೆಚ್ಚು ಬರುವುದಿಲ್ಲ, ಅವು ಸಂಘಟನೆಗಳ ಮನವಿ ಪತ್ರಗಳಿಗೆ ಸೇರಿದವು. ಮೊದಲ ಎರಡು ದೂರುಗಳಲ್ಲಿ ಇರುವುದು ನೀತಿಯ ಪ್ರಶ್ನೆಯಲ್ಲ, ಕಸುಬಿನ ಪ್ರಶ್ನೆ ಮತ್ತು ವ್ಯಾಪಾರದ ಪ್ರಶ್ನೆ. ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣದ ರೈತನಿಗೆ ಬೇಲಿನ ಮೇಲ್ಗಡೆ ಒಳ್ಳೆಯ ಎಲೆ ಇಟ್ಟು ಒಳಗೆ ಕರಿ ಎಲೆ ತುಂಬಿದರೆ ಹರಾಜು ಮಾರುಕಟ್ಟೆಯಲ್ಲಿ ಏನಾಗುತ್ತದೆಂದು ಗೊತ್ತು. ಪೋಸ್ಟರಿನ ಬಗ್ಗೆ ಅವನು ಆಡುವ ಮಾತು ಅದೇ ಅಳತೆಯದು. ಅವನು ಬಯಸಿದ್ದು ದೊರೆಯಲಿಲ್ಲ ಎಂಬ ಹಪಹಪಿ ಅಷ್ಟೇ ಅಲ್ಲ ಅದು, ಮಾರಿದವನು ಸುಳ್ಳು ಹೇಳಿದ ಎಂಬ ಆಪಾದನೆ.

ಕತೆ ಇಲ್ಲ ಎಂಬ ದೂರನ್ನು ಸ್ವಲ್ಪ ಬಿಡಿಸಿ ನೋಡಬೇಕು. ಈ ಚಿತ್ರಗಳಲ್ಲಿ ಘಟನೆಗಳಿಗೆ ಕೊರತೆ ಇರುವುದಿಲ್ಲ. ಕೊಲೆ ಇರುತ್ತದೆ, ಪೊಲೀಸ್ ಬರುತ್ತಾನೆ, ಕೊನೆಗೊಂದು ತಿರುವೂ ಇರುತ್ತದೆ. ಇಲ್ಲದ್ದು ಕಾಮಕ್ಕೂ ಕೊಲೆಗೂ ನಡುವಿನ ಕೊಂಡಿ. 1944ರಲ್ಲಿ ಬಿಲ್ಲಿ ವೈಲ್ಡರ್ ನಿರ್ದೇಶಿಸಿದ ‘ಡಬಲ್ ಇಂಡೆಮ್ನಿಟಿ’ಯನ್ನು ಈ ಪ್ರಕಾರದ ಹಿರಿಯಜ್ಜ ಎನ್ನಬಹುದು. ವಿಮೆ ಮಾರುವವನೊಬ್ಬ ಗಿರಾಕಿಯ ಹೆಂಡತಿಯ ಕಾಲಿನ ಸರಪಳಿಯನ್ನು ನೋಡಿ ಮನಸೋಲುತ್ತಾನೆ, ಗಂಡನ ಮೇಲೆ ಪಾಲಿಸಿ ಮಾಡಿಸಿ ಅವನನ್ನು ಮುಗಿಸುವ ಸಂಚಿಗೆ ಸೇರುತ್ತಾನೆ. ಆಗಿನ ಹಾಲಿವುಡ್ಡಿನ ನೀತಿ ಸಂಹಿತೆ ಎಷ್ಟು ಬಿಗಿಯಾಗಿತ್ತೆಂದರೆ ಹಾಸಿಗೆ ತೋರಿಸುವ ಮಾತೇ ಇರಲಿಲ್ಲ. ಆದರೂ ಚಿತ್ರದ ಪ್ರತಿ ಹೆಜ್ಜೆಯೂ ಕಾಮದಿಂದಲೇ ನಡೆಯುತ್ತದೆ. ಅವನ ಆಸೆಯನ್ನು ತೆಗೆದುಬಿಟ್ಟರೆ ಕೊಲೆಯೇ ನಡೆಯುವುದಿಲ್ಲ. ನಮ್ಮ ಅಗ್ಗದ ಥ್ರಿಲ್ಲರುಗಳಲ್ಲಿ ಹಾಸಿಗೆಯ ದೃಶ್ಯಗಳನ್ನು ಪೂರಾ ಕತ್ತರಿಸಿದರೂ ಕೊಲೆ ಯಥಾಪ್ರಕಾರ ನಡೆಯುತ್ತದೆ, ಕೊಲೆಗಾರನೂ ಅವನೇ ಆಗಿರುತ್ತಾನೆ. ಕತ್ತರಿಸಿದರೂ ಕತೆ ಕೆಡದ ದೃಶ್ಯ ಕತೆಯಲ್ಲಿ ಇರಲೇ ಇಲ್ಲ ಎಂದರ್ಥ. ಟೀ ಅಂಗಡಿಯ ಎರಡು ಪದದ ವಿಮರ್ಶೆ ಹೇಳುತ್ತಿರುವುದು ಇದನ್ನೇ.

ಹೊರದೇಶದ ಉದಾಹರಣೆ ಬೇಡವೆಂದರೆ ಎಚ್.ಡಿ. ಕೋಟೆಯ ಗಡಿ ದಾಟಿದರೆ ಸಾಕು. ಬಾವಲಿ ಚೆಕ್‌ಪೋಸ್ಟಿನ ಆಚೆಗಿನ ವಯನಾಡಿನಲ್ಲಿ ಎಡಕಲ್ಲು ಗುಡ್ಡ ಇದೆ. ಭಾರತೀಸುತರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1973ರಲ್ಲಿ ‘ಎಡಕಲ್ಲು ಗುಡ್ಡದ ಮೇಲೆ’ ಮಾಡಿದರು. ಸೈನಿಕ ಗಂಡನ ದೇಹ ಸೋತಿದೆ, ಹೆಂಡತಿ ಮಾಧವಿಯ ಆಸೆ ಸೋತಿಲ್ಲ. ಜಯಂತಿ ಅಭಿನಯಿಸಿದ ಆ ಪಾತ್ರದ ಹಸಿವೇ ಇಡೀ ಚಿತ್ರವನ್ನು ಗುಡ್ಡ ಹತ್ತಿಸುತ್ತದೆ. ಅದನ್ನು ಥ್ರಿಲ್ಲರ್ ಎನ್ನಲಾಗದು, ನಿಜ. ಆದರೆ ಮುಂದೇನಾಗುತ್ತದೋ ಎಂಬ ಅಂಜಿಕೆ ಹುಟ್ಟಿಸುವುದರಲ್ಲಿ ಎಷ್ಟೋ ಥ್ರಿಲ್ಲರುಗಳು ಅದರ ಹತ್ತಿರಕ್ಕೂ ಬರಲಾರವು. ವಿವಾಹಿತೆಯ ಪರಪುರುಷ ಬಯಕೆಯ ಈ ಚಿತ್ರವನ್ನು ಕನ್ನಡಿಗರು ಹೊಲಸೆಂದು ತಳ್ಳಲಿಲ್ಲ. ಅದರಲ್ಲಿ ನಟಿಸಿದ ಚಂದ್ರಶೇಖರ್ ಕೊನೆಯವರೆಗೂ ಎಡಕಲ್ಲು ಗುಡ್ಡದ ಚಂದ್ರಶೇಖರ್ ಎಂದೇ ಕರೆಸಿಕೊಂಡರು. ಸುರೇಶ್ ಹೆಬ್ಳೀಕರ್ ಅವರ ‘ಕಾಡಿನ ಬೆಂಕಿ’ (1988) ಕಾಮದ ಮನೋವಿಕಾರವನ್ನೇ ವಸ್ತುವಾಗಿ ಹಿಡಿದು, ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದಕ್ಕೆ ತೂಕವೂ ಇದೆ. ಮೈ ನೋಡಲೆಂದೇ ಹೋದವನು ಹೊರಬಂದು ಕತೆ ಇಲ್ಲ ಎನ್ನುವುದು ಬರೀ ಮರ್ಯಾದೆ ಉಳಿಸಿಕೊಳ್ಳುವ ಉಪಾಯ ಅಲ್ಲವೆ? ಚಿಕ್ಕ ಪೇಟೆಯಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತಿರುವವರೇ, ಟಿಕೆಟ್ ಕೌಂಟರಿನ ಮುಂದೆ ಮುಖ ಮರೆಸಿ ನಿಂತವನು ಆಮೇಲೆ ಚಿತ್ರ ಚೆನ್ನಾಗಿತ್ತು ಎಂದು ಹೇಗೆ ಹೇಳಿಯಾನು? 2000ದಲ್ಲಿ ಬಂದ ಮಲಯಾಳದ ‘ಕಿನ್ನಾರ ತುಂಬಿಕಳ್’ ಚಿತ್ರದ ಗೆಲುವಿನಿಂದ ನಟಿ ಶಕೀಲಾ ಅವರ ಅಲೆ ಎದ್ದಾಗ, ಕೇರಳದಿಂದಾಚೆಗೂ ಆ ಜಾತಿಯ ಚಿತ್ರಗಳು ಡಬ್ ಆಗಿ ಓಡಿದವು. ಅವಕ್ಕೆ ಕತೆಯ ಹಂಗೇ ಇರಲಿಲ್ಲ, ಆದರೂ ಬೆಳಗಿನ ಆಟಗಳು ತುಂಬಿದವು. ಇದನ್ನು ಅಲ್ಲಗಳೆಯಲಾಗದು. ಆದರೆ ಆ ಅಲೆ ಎಷ್ಟು ಬೇಗ ಎದ್ದಿತೋ ಅಷ್ಟೇ ಬೇಗ ಇಳಿಯಿತು ಎಂಬುದನ್ನೂ ನೋಡಬೇಕು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಇಂಟರ್ನೆಟ್ ಬಂದ ಮೇಲಂತೂ ಬರಿಮೈಗಾಗಿ ಚಿತ್ರಮಂದಿರಕ್ಕೆ ಹೋಗಬೇಕಾದ ಗರಜು ಯಾರಿಗೂ ಉಳಿಯಲಿಲ್ಲ. ಮೈ ಮಾತ್ರ ಬೇಕಾದವನು ಜೇಬಿನಿಂದ ಫೋನು ತೆಗೆಯುತ್ತಾನೆ, ಸೀಟಿಗೆ ದುಡ್ಡು ಕೊಡುವುದಿಲ್ಲ. ಇಷ್ಟಾದರೂ ಕತೆ ಇಲ್ಲ ಎಂಬ ದೂರು ನಿಂತಿಲ್ಲ. ಮರ್ಯಾದೆಯ ಮುಖವಾಡವಷ್ಟೇ ಆಗಿದ್ದರೆ ಮುಖ ಮರೆಸುವ ಕಾಲ ಮುಗಿದಾಗ ಮುಖವಾಡವೂ ಕಳಚಬೇಕಿತ್ತು.

ಈ ಸೀಮೆಯ ಜನ ಕಾಮದ ಕತೆಗೆ ಹೊಸಬರೂ ಅಲ್ಲ. ಹಳೇ ಮೈಸೂರಿನ ತಂಬೂರಿಯವರು, ಕಂಸಾಳೆಯವರು ಹಾಡಿಕೊಂಡು ಬಂದ ಕಥನಗಳಲ್ಲಿ ದೇವರೇ ಕದ್ದು ಪ್ರೀತಿಸುತ್ತಾನೆ. ನಂಜನಗೂಡಿನ ನಂಜುಂಡ ಮನೆಯಲ್ಲಿ ಹೆಂಡತಿಯರನ್ನು ಇಟ್ಟುಕೊಂಡು ಬೆಟ್ಟದ ಚಾಮುಂಡಿಗೆ ಮನಸೋಲುತ್ತಾನೆ. ಗುಟ್ಟು ಬಯಲಾಗುತ್ತದೆ, ಮನೆಯಲ್ಲಿ ಜಗಳ ಹತ್ತುತ್ತದೆ. ಬಿಳಿಗಿರಿರಂಗ ಸೋಲಿಗರ ಹುಡುಗಿ ಕುಸುಮಾಲೆಯನ್ನು ಬಯಸಿ ಹಾಡಿಗೆ ಹೋಗುತ್ತಾನೆ, ಹಾಗಾಗಿಯೇ ಸೋಲಿಗರು ಅವನನ್ನು ಇವತ್ತಿಗೂ ಭಾವ ಎನ್ನುತ್ತಾರೆ. ಕದ್ದ ಸಂಬಂಧ, ಸಂಶಯ, ಸಿಕ್ಕಿಬೀಳುವ ಭಯ, ಸಿಕ್ಕಿಬಿದ್ದ ಮೇಲಿನ ಮಾತಿನ ಕತ್ತಿವರಸೆ: ಇವನ್ನೆಲ್ಲ ಅಜ್ಜಿ ಮೊಮ್ಮಕ್ಕಳು ಒಂದೇ ಜಗಲಿಯಲ್ಲಿ ಕೂತು ರಾತ್ರಿಯಿಡೀ ಕೇಳಿದ್ದಾರೆ. ಹಾಡುವವರು ಶೃಂಗಾರವನ್ನು ತೊಳೆದು ಹಾಡಲಿಲ್ಲ, ಮೊನಚಾಗಿಯೇ ಹಾಡಿದರು. ಅಲ್ಲಿ ದೇವರ ಆಸೆ ಕತೆಯನ್ನು ಕಟ್ಟುತ್ತದೆ. ಆಸೆಯಿಂದ ಸುಳ್ಳು, ಸುಳ್ಳಿನಿಂದ ಜಗಳ, ಜಗಳದಿಂದ ಒಂದು ಹೊಸ ಒಪ್ಪಂದ. ಇಂಥ ಕಥನ ಕೇಳಿ ಬೆಳೆದ ಸಮಾಜದ ಮುಂದೆ ಎರಡು ಹಾಸಿಗೆ ದೃಶ್ಯ ಇಟ್ಟು ಇದು ‘ಬೋಲ್ಡ್’ ಎಂದು ಬೀಗುವ ನಿರ್ದೇಶಕನನ್ನು ನೋಡಿದರೆ ಕನಿಕರ ಬರುತ್ತದೆ.

ದುಡ್ಡಿಲ್ಲದ್ದಕ್ಕೆ ಹೀಗಾಯಿತು ಎಂಬುದು ನಿರ್ಮಾಪಕರ ಸಮಜಾಯಿಷಿ. ಇದಕ್ಕೆ ಉತ್ತರ ಚಿಕ್ಕದು. ಚಿತ್ರಕತೆಯ ಪ್ರಕಾರಗಳಲ್ಲೆಲ್ಲ ದುಡ್ಡು ಕಡಿಮೆ ಬೇಡುವುದು ಥ್ರಿಲ್ಲರೇ. ಕಾಶೀನಾಥ್ 1978ರಲ್ಲಿ ‘ಅಪರಿಚಿತ’ ಮಾಡಿದಾಗ ಅವರ ಬಳಿ ದೊಡ್ಡ ತಾರೆಯಿರಲಿಲ್ಲ; ಸುರೇಶ್ ಹೆಬ್ಳೀಕರ್, ಶೋಭಾ, ಎಂ.ವಿ. ವಾಸುದೇವರಾವ್ ಇದ್ದರು, ಬಿಗಿಯಾದ ಚಿತ್ರಕತೆ ಇತ್ತು. ಮೂರು ವರ್ಷದಲ್ಲಿ ಅವರೇ ಅದನ್ನು ಹಿಂದಿಯಲ್ಲಿ ‘ಬೇಶಕ್’ ಎಂದು ತೆಗೆದರು. 2013ರಲ್ಲಿ ತೆರೆಕಂಡ ಪವನ್ ಕುಮಾರ್ ಅವರ ‘ಲೂಸಿಯಾ’ಕ್ಕೆ ಪ್ರೇಕ್ಷಕರೇ ಮುಂಗಡವಾಗಿ ದುಡ್ಡು ಹಾಕಿದ್ದರು. ಅದೇ ವರ್ಷ ಬಂದ ‘6-5=2’ ಹೊಸಮುಖಗಳನ್ನು ಕಾಡಿಗೆ ಕಳಿಸಿ ಹೆದರಿಸಿಯೇ ಗೆದ್ದಿತು. ಬಡತನ ಬಜೆಟ್ಟಿನಲ್ಲಿದ್ದರೆ ಪ್ರೇಕ್ಷಕ ಮಾಫಿ ಮಾಡುತ್ತಾನೆ. ಬರವಣಿಗೆಯಲ್ಲಿ ಇದ್ದರೆ ಮಾಡುವುದಿಲ್ಲ.

ಇನ್ನು ಈ ತೀರ್ಪಿನ ಗುಣದೋಷ ಎರಡೂ ಒಟ್ಟಿಗೆ ಕಂಡ ಪ್ರಸಂಗಕ್ಕೆ ಬರೋಣ. 2012ರ ಜೂನ್ ಕೊನೆಗೆ ತೆರೆಕಂಡ ಶ್ರೀನಿವಾಸರಾಜು ನಿರ್ದೇಶನದ ‘ದಂಡುಪಾಳ್ಯ’ ಶುದ್ಧ ಕಾಮದ ಥ್ರಿಲ್ಲರ್ ಅಲ್ಲ, ನಿಜವಾಗಿ ಇದ್ದ ಒಂದು ಕೊಲೆಗಡುಕ ತಂಡದ ಕತೆ. ಆದರೆ ಬಿಡುಗಡೆಗೆ ಮೊದಲು ಅದು ಮಾರಾಟವಾದದ್ದು ಪೂಜಾ ಗಾಂಧಿಯ ಬರಿಬೆನ್ನಿನ ಮೂಲಕ. ‘ಮುಂಗಾರು ಮಳೆ’ಯ ನಾಯಕಿ ಬೀಡಿ ಸೇದುವುದು, ಬೆನ್ನು ತೋರಿಸುವುದು ಸುದ್ದಿಯಾಯಿತು, ಪ್ರತಿಭಟನೆಗಳೂ ನಡೆದವು, ಪ್ರತಿಭಟನೆಯೇ ಪ್ರಚಾರವಾಯಿತು. ಚಿತ್ರ ಗೆದ್ದಿತು. ಗೆದ್ದ ಮೇಲೆ ಪ್ರೇಕ್ಷಕರ ಮಾತು ಎತ್ತ ಹೊರಳಿತು ಎಂಬುದು ಗಮನಿಸಬೇಕಾದದ್ದು. ಬೆನ್ನಿನ ಮಾತು ಬೇಗ ಸವೆಯಿತು. ಉಳಿದದ್ದು ಭಯ: ಮಧ್ಯಾಹ್ನ ಒಬ್ಬಂಟಿ ಹೆಂಗಸು ಬಾಗಿಲು ತೆರೆಯುವ ಕ್ಷಣ, ಕುಡಿಯಲು ನೀರು ಕೇಳಿ ಬರುವ ಅಪರಿಚಿತರು. ಊರಿನಿಂದ ದೂರ ತೋಟದ ಮನೆಗಳಲ್ಲಿ ಬದುಕುವವರಿಗೆ ಅದು ಬರೀ ಚಿತ್ರವಾಗಿರಲಿಲ್ಲ. ಪೂಜಾ ಗಾಂಧಿ ಚೆನ್ನಾಗಿ ನಟಿಸಿದ್ದಾರೆ ಎಂದು ಒಪ್ಪಿದವರೂ ಕ್ರೌರ್ಯವನ್ನು ಚಪ್ಪರಿಸುವ ಕ್ಯಾಮೆರಾವನ್ನು ದೂರಿದರು. ಆ ದೂರು ನನ್ನದೂ ಹೌದು. ಅತ್ಯಾಚಾರದ ದೃಶ್ಯದಲ್ಲಿ ಕ್ಯಾಮೆರಾ ಬಲಿಯಾದವಳ ಕಡೆ ನಿಲ್ಲದೆ ದಾಳಿ ಮಾಡಿದವನ ಕಣ್ಣಾಗಿ ನಿಂತರೆ ಅದು ಭಯವಲ್ಲ, ಭಯದ ವೇಷ ತೊಟ್ಟ ಚಪಲ. ‘ಬ್ಯಾಂಡಿಟ್ ಕ್ವೀನ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದೂ ಈ ಭೇದವನ್ನೇ: ಅವಮಾನವನ್ನು ತೋರಿಸಲು ಬಂದ ಬೆತ್ತಲೆ ನೋಡುಗನಲ್ಲಿ ಕಾಮವನ್ನಲ್ಲ, ಆಕೆಯ ಬಗ್ಗೆ ಕರುಣೆಯನ್ನೂ ದುಷ್ಟರ ಬಗ್ಗೆ ಹೇಸಿಗೆಯನ್ನೂ ಹುಟ್ಟಿಸುತ್ತದೆ. ದೃಶ್ಯ ಎಷ್ಟು ತೋರಿಸಿತು ಎಂಬುದಕ್ಕಿಂತ ಯಾರ ಪರವಾಗಿ ತೋರಿಸಿತು ಎಂಬುದು ಮುಖ್ಯ.

ಐದು ವರ್ಷದ ಮೇಲೆ, 2017ರಲ್ಲಿ, ‘ದಂಡುಪಾಳ್ಯ’ದ ಮುಂದಿನ ಭಾಗ ಬಂದಾಗ ಪ್ರೇಕ್ಷಕರ ಅಭಿಪ್ರಾಯ ಅಡ್ಡದಾರಿ ಹಿಡಿಯಿತು. ಸೆನ್ಸಾರ್ ಮಂಡಳಿ ತೆಗೆಸಿದ್ದ, ನಟಿ ಸಂಜನಾ ಅವರಿದ್ದ ಒಂದು ದೃಶ್ಯದ ತುಣುಕು ಫೋನಿನಿಂದ ಫೋನಿಗೆ ಹರಿದಾಡಿತು. ಚಿತ್ರವನ್ನೇ ನೋಡದವರು ಆ ತುಣುಕು ನೋಡಿ ಚಿತ್ರದ ಬಗ್ಗೆ ತೀರ್ಪು ಕೊಟ್ಟರು, ತೀರ್ಪೆಲ್ಲ ನಟಿಯ ನಡತೆಯ ಮೇಲೆ ಬಿತ್ತು. ದೃಶ್ಯವನ್ನು ಬರೆದವರು ಯಾರು, ಚಿತ್ರಿಸಿದವರು ಯಾರು, ತೆಗೆದುಹಾಕಿದ್ದು ಹೊರಗೆ ಬಂದದ್ದು ಹೇಗೆ ಎಂದು ಕೇಳುವವರು ವಿರಳವಾಗಿದ್ದರು. ಆರಂಭದಲ್ಲಿ ಹೇಳಿದ ತಪ್ಪು ಇದೇ. ಕತೆ ಇಲ್ಲದ್ದನ್ನು ಇಷ್ಟು ಚೆನ್ನಾಗಿ ಗುರುತಿಸುವ ಪ್ರೇಕ್ಷಕ ಕತೆ ಬರೆಯದವನನ್ನು ಹಿಡಿಯುವುದಿಲ್ಲ, ಬರೆದುಕೊಟ್ಟದ್ದನ್ನು ಮಾಡಿದವಳನ್ನು ಹಿಡಿಯುತ್ತಾನೆ. ಇದು ಹೊಸ ಚಾಳಿಯಲ್ಲ. ಕಾಶೀನಾಥರ ‘ಅನುಭವ’ (1984) ಎಲ್ಲರ ಬಾಯಲ್ಲಿ ಬಂತು, ನಿರ್ದೇಶಕರಿಗೆ ಹೆಸರು ಬಂತು, ಎರಡು ವರ್ಷದಲ್ಲಿ ಹಿಂದಿಗೂ ಹೋಯಿತು. ಅದರಲ್ಲಿ ನಾಯಕನನ್ನು ಸೆಳೆಯುವ ಹೆಂಗಸಿನ ಪಾತ್ರ ಮಾಡಿದ ಉಮಾಶ್ರೀ ರಂಗಭೂಮಿಯಲ್ಲಿ ಪಳಗಿದ ಕಲಾವಿದೆ. ಆ ಪಾತ್ರದ ನೆರಳಿನಿಂದ ಹೊರಬರಲು ಆಕೆಗೆ ವರ್ಷಗಳೇ ಹಿಡಿದವು. ಕಾಶೀನಾಥ್ ‘ಹಾಸ್ಯದ ಹೊಸ ಅಲೆ’ಯ ನಿರ್ದೇಶಕರಾದರು, ಉಮಾಶ್ರೀ ‘ಅಂಥ ಪಾತ್ರ’ಗಳ ನಟಿಯಾದರು. ಒಂದೇ ಚಿತ್ರ, ಎರಡು ಬಗೆಯ ಕೂಲಿ. ‘ಅನುಭವ’ವನ್ನು ಸಮರ್ಥಿಸುವವರೂ ಖಂಡಿಸುವವರೂ ಇಬ್ಬರೂ ಈ ಕೂಲಿಯ ಲೆಕ್ಕ ಮಾಡಿದ್ದು ಕಡಿಮೆ.

ನಟಿ ಒಪ್ಪಿಕೊಂಡೇ ಮಾಡಿದ್ದಲ್ಲವೆ, ಸಂಭಾವನೆ ಪಡೆದಿಲ್ಲವೆ ಎಂದು ಕೇಳುವವರಿದ್ದಾರೆ. ಒಪ್ಪಿದ್ದಾಳೆ, ಸರಿ. ನಿರ್ದೇಶಕನೂ ಒಪ್ಪಿಯೇ ಮಾಡಿದ್ದಾನೆ, ನಿರ್ಮಾಪಕ ಲಾಭಕ್ಕೇ ಮಾಡಿದ್ದಾನೆ, ನೋಡುವವನು ಟಿಕೆಟ್ ಕೊಂಡೇ ನೋಡಿದ್ದಾನೆ. ನಾಲ್ವರು ಒಪ್ಪಿ ಮಾಡಿದ ಕೆಲಸದ ಹೊಣೆ ಒಬ್ಬಳ ತಲೆಗೆ ಕಟ್ಟುವುದು ಯಾವ ಪಂಚಾಯಿತಿಯಲ್ಲೂ ನ್ಯಾಯವಾಗದು. ಚಿತ್ರ ಸೋತಾಗ ನಿರ್ದೇಶಕನಿಗೆ ಇನ್ನೊಂದು ಚಿತ್ರ ಸಿಗುತ್ತದೆ, ನಟಿಗೆ ಸಿಗುವುದು ಅದೇ ಜಾತಿಯ ಇನ್ನೊಂದು ಪಾತ್ರ.

ಈ ಎಲ್ಲ ಅಭಿಪ್ರಾಯಗಳೂ ಗಂಡಸರವು ಎಂಬುದನ್ನು ಮುಚ್ಚಿಡಬಾರದು. ಮನೆಯವರನ್ನು ಕರೆದುಕೊಂಡು ಹೋಗುವ ಚಿತ್ರವಲ್ಲ ಎಂಬ ಎಚ್ಚರಿಕೆ ಹೆಂಗಸರ ಪರವಾಗಿ ಗಂಡಸರು ಕೊಟ್ಟುಕೊಂಡದ್ದು. ಹೆಂಡತಿ, ತಾಯಿ, ಅಕ್ಕ ಆ ಚಿತ್ರ ನೋಡಿದ್ದರೆ ಏನನ್ನುತ್ತಿದ್ದರು ಎಂಬುದು ಚರ್ಚೆಗೇ ಬರುವುದಿಲ್ಲ. ಆದರೆ ಈಗ ಚಿತ್ರ ಮನೆಯೊಳಗೇ ಬಂದಿದೆ. ಚಿತ್ರಮಂದಿರಕ್ಕೆ ಹೋಗದ ಹೆಂಗಸರು ಫೋನಿನಲ್ಲಿ ನೋಡುತ್ತಾರೆ, ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ. ಆ ಮಾತು ಯಾವ ಟೀ ಅಂಗಡಿಗೂ ತಲುಪುವುದಿಲ್ಲ. ವೈದೇಹಿಯವರ ಕತೆಯಿಂದ ಗಿರೀಶ್ ಕಾಸರವಳ್ಳಿ 2008ರಲ್ಲಿ ಮಾಡಿದ ‘ಗುಲಾಬಿ ಟಾಕೀಸ್’ ಹೆಣ್ಣು ಪ್ರೇಕ್ಷಕಿಯನ್ನೇ ಕೇಂದ್ರಕ್ಕೆ ತಂದ ಚಿತ್ರ. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯ ಮನೆಗೆ ಟೀವಿ ಬರುತ್ತದೆ, ಓಣಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಆ ಗುಲಾಬಿಯ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು ‘ಅನುಭವ’ದ ಅದೇ ಉಮಾಶ್ರೀ. ಕಾಮದ ಥ್ರಿಲ್ಲರಿನಲ್ಲಿ ಹೆಣ್ಣಿನ ಆಸೆ ಯಾವತ್ತೂ ಬಲೆಯಾಗಿಯೇ ಬರುತ್ತದೆ, ಗಂಡಿನ ಆಸೆ ಮಾತ್ರ ದುರಂತವಾಗುತ್ತದೆ. ಈ ಲೋಪವನ್ನು ಎತ್ತಿ ಹೇಳಬಲ್ಲವರು ಗುಲಾಬಿಯಂಥ ಪ್ರೇಕ್ಷಕಿಯರು. ‘ಎಡಕಲ್ಲು ಗುಡ್ಡ’ದ ಮಾಧವಿಯನ್ನು ಬಿಟ್ಟರೆ ನಮ್ಮ ತೆರೆಯ ಮೇಲೆ ಆಸೆಗೆ ತನ್ನದೇ ಕಾರಣ ಇಟ್ಟುಕೊಂಡ ಹೆಣ್ಣುಗಳನ್ನು ಬೆರಳೆಣಿಸಬಹುದು.

ಇಂಥ ಚಿತ್ರಗಳ ವಿಷಯದಲ್ಲಿ ಸರ್ಕಾರ ತನ್ನ ದಾರಿಯಲ್ಲಿ ನಡೆದಿದೆ. 2025ರ ಜುಲೈನಲ್ಲಿ ಉಲ್ಲು, ಆಲ್ಟ್ ಸೇರಿ 25 ಓಟಿಟಿ ವೇದಿಕೆಗಳನ್ನು ಕೇಂದ್ರ ತಡೆಹಿಡಿಯಿತು, ಹಿಂದಿನ ವರ್ಷವೂ 18ನ್ನು ತಡೆದಿತ್ತು. ತಡೆಯುವುದರಿಂದ ಕೆಟ್ಟ ಚಿತ್ರ ಕಾಣದಾಗುತ್ತದೆ, ಕೆಟ್ಟದ್ದು ಯಾಕೆ ಕೆಟ್ಟದ್ದು ಎಂಬುದು ಯಾರಿಗೂ ತಿಳಿಯುವುದಿಲ್ಲ. ಅದನ್ನು ತಿಳಿಸುವ ಶಕ್ತಿ ಇರುವುದು ಕತೆ ಇಲ್ಲ ಎಂದು ಮುಖದ ಮೇಲೆ ಹೇಳಿ ಎದ್ದುಹೋಗುವ ಪ್ರೇಕ್ಷಕನಲ್ಲಿ. ಹುಣಸೂರಿನಿಂದ ಎಚ್.ಡಿ. ಕೋಟೆಯವರೆಗಿನ ಪ್ರೇಕ್ಷಕರಲ್ಲಿ ಕೋರಿಕೆ ಇಷ್ಟೇ: ಮುಂದಿನ ಸಲ ಇಂಥ ಚಿತ್ರ ನೋಡಿ ಹೊರಬಂದು ಬೈಯುವುದಾದರೆ ಧಾರಾಳವಾಗಿ ಬೈಯಿರಿ, ಆದರೆ ಪೋಸ್ಟರಿನ ಕೆಳಗಡೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಕತೆ, ಚಿತ್ರಕತೆ, ನಿರ್ದೇಶನದ ಹೆಸರುಗಳನ್ನು ಓದಿಕೊಂಡು ಆ ಹೆಸರು ಹಿಡಿದು ಬೈಯಿರಿ.